ಚೋಕ್ ಬೇಡವಾದ ಕಾರು

ಗೆಳೆಯರೇ, ತೀರಿಕೊಂಡ ಅಪ್ಪನ ಹಳೆಯ ಕಾರಿಗೆ ಇವತ್ತು ಅಮ್ಮನನ್ನೂ ಕರೆದುಕೊಂಡು ಹೋಗಿ ಪೆರಂಬೂರಿನಲ್ಲಿ ಕಾರ್ಬುರೇಟರ್ ತೆಗೆಸಿ ಫ್ಯುಯೆಲ್ ಇಂಜೆಕ್ಷನ್ ಹಾಕಿಸಿದೆ. ಸೆನ್ಸರ್, ವೈರಿಂಗ್ ಎಲ್ಲ ಮುಗಿಸಿ ಮೆಕ್ಯಾನಿಕ್ ಸೆಲ್ವಂ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್!

"ಇನಿ ಚೋಕ್ ವೇಣಾಮ್ಮಾ, ಸೆನ್ಸರೇ ಪಾತ್ತುಕ್ಕುಂ" ಎಂದು ಅಮ್ಮನಿಗೆ ತಮಿಳಿನಲ್ಲಿ ಹೇಳಿದರು. ಇನ್ನು ಚೋಕ್ ಎಳೆಯುವುದೇ ಬೇಡವಂತೆ, ಸೆನ್ಸರೇ ನೋಡಿಕೊಳ್ಳುತ್ತದಂತೆ.

ಅಮ್ಮನ ಮುಖ ಸಪ್ಪಗಾಯಿತು. "ಇಷ್ಟು ಬೇಗ ಸ್ಟಾರ್ಟ್ ಆದ್ರೆ ಹೇಗೆ ಮಾರಾಯ? ನಿನ್ನಪ್ಪ ಚೋಕ್ ಎಳೆದು ಎಳೆದು ಒದ್ದಾಡುವಷ್ಟರಲ್ಲಿ ನಾನು ಸೀರೆ ಉಟ್ಟು, ಹೂ ಮುಡಿದು ಬರ್ತಿದ್ದೆ. ಒಂದು ದಿನವೂ ತಡ ಆಯ್ತು ಅಂದವರಲ್ಲ."

ಚೋಕ್ ಗುಂಡಿ ತೆಗೆಯಲು ಅಮ್ಮ ಬಿಡಲೇ ಇಲ್ಲ. ಈಗ ಅದಕ್ಕೆ ಯಾವ ತಂತಿಯ ಸಂಪರ್ಕವೂ ಇಲ್ಲ. ಆದರೂ ದಾರಿಯ ಪ್ರತಿ ಸಿಗ್ನಲ್‌ನಲ್ಲೂ ಪಕ್ಕದ ಸೀಟಿನಿಂದ ಅಮ್ಮ ಅದನ್ನು ಮೆಲ್ಲಗೆ ಎಳೆದು ನೋಡುತ್ತಿದ್ದರು. ಮೊದಲಾಗಿದ್ದರೆ ಒಂದು ಕಡೆಯಾದರೂ ಕೆಟ್ಟು ನಿಲ್ಲುತ್ತಿತ್ತು. ದರಿದ್ರ ಕಾರು, ನೇರ ಮನೆ ಮುಟ್ಟಿಸಿತು.