ತಂಗಿಯ ತೋಳಿಗೆ ನಾನು ಮಾಡಿದ ರಿಪೇರಿ

ಪೀಣ್ಯದ ವರ್ಕ್‌ಶಾಪಿನಲ್ಲಿ ಏನು ಜಾಮ್ ಆದರೂ ನಾನು ಮಾಡುವುದು ಒಂದೇ ಕೆಲಸ: ಎಣ್ಣೆ ಬಿಟ್ಟು ಆಡಿಸುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅನ್ನ ಹಾಕಿದ್ದು ಅದೇ ವಿದ್ಯೆ. ಅದನ್ನು ತಂಗಿಯ ಮೇಲೂ ಪ್ರಯೋಗಿಸಿದೆ.

ಗಾರ್ಮೆಂಟ್ಸ್‌ಗೆ ಹೋಗುವಾಗ ಅವಳು ರಾಜಗೋಪಾಲನಗರದ ಹಂಪ್ ಒಂದರ ಮೇಲೆ ಸ್ಕೂಟರಿನಿಂದ ಬಿದ್ದು ಎಡಗಡೆಯ ಕಾಲರ್ ಬೋನ್ ಮುರಿದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಕೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ನೇತುಹಾಕಿ ಕಳಿಸಿದರು. ವಾರ ಕಳೆಯುವಷ್ಟರಲ್ಲಿ ತೋಳು ಊದಿಕೊಂಡು, ಬಳೆ ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ಕುಳಿತಿತು.

"ಅಣ್ಣ, ಆಸ್ಪತ್ರೆಗೆ ಹೋಗೋಣ ಕಣೋ. ಕೈ ಭಾರ ಆಗ್ತಿದೆ."

"ಆಡಿಸ್ದೆ ಇಟ್ಟಿದ್ದಕ್ಕೆ ಹಿಡ್ಕೊಂಡಿದೆ ಅಷ್ಟೇ" ಎಂದು ಹರಳೆಣ್ಣೆ ಬಿಸಿ ಮಾಡಿ ಎರಡು ದಿನ ತಿಕ್ಕಿದೆ.

"ನಾನೇನು ನಿನ್ನ ಲೇತ್ ಮೆಷಿನ್ನಾ?" ಎಂದಳು.

"ಮೆಷಿನ್ ಇಷ್ಟು ಮಾತಾಡಲ್ಲ."

ಮಾರನೆಯ ಬೆಳಿಗ್ಗೆ ತೋಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಆಟೋ ಹಿಡಿದೆ.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಮುರಿದ ಮೂಳೆಯ ಕೆಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಉಸಿರು ಕಟ್ಟಿದರೆ, ಕೆಮ್ಮು ಬಂದರೆ ತಕ್ಷಣ ಹೇಳಬೇಕು. ಆಮೇಲೆ ಕೇಳಿದರು: "ಈ ಕೈನ ಯಾರಾದ್ರೂ ತಿಕ್ಕಿದ್ರಾ?"

ನಾನು ಫ್ಯಾನ್ ನೋಡಿದೆ. ಕೋಣೆ ತುಂಬ ಹರಳೆಣ್ಣೆಯ ವಾಸನೆ. ತಂಗಿ ನನ್ನ ಮುಖ ನೋಡಿ, "ಇಲ್ಲ ಮೇಡಂ. ತಲೆಗೆ ಹಚ್ಕೊಂಡಿದ್ದು ಇಳಿದಿರ್ಬೇಕು" ಎಂದಳು. ಹೇಳಿ ಮುಗಿಸಿದವಳೇ ಕೆಮ್ಮಿದಳು.

"ನಾನೇ ಮೇಡಂ, ನಾನೇ ತಿಕ್ಕಿದ್ದು. ಎರಡು ದಿನ. ಜೋರಾಗಿ." ನಾನು ಕೂಗಿದ ರಭಸಕ್ಕೆ ಹೊರಗಿದ್ದ ನರ್ಸ್ ಓಡಿಬಂದರು.

ಡಾಕ್ಟರಮ್ಮ ಬೈಯಲೂ ಇಲ್ಲ. ಎದೆಯ ಸ್ಕ್ಯಾನಿಗೆಂದು ಗಾಲಿಕುರ್ಚಿ ತರಿಸಿದರು. ಬಾಗಿಲ ಹೊರಗೆ ನಿಂತ ನನಗೆ ಹರಕೆ ಹೊರೋಣವೆಂದರೆ ಒಂದು ದೇವರ ಹೆಸರೂ ನೆನಪಾಗಲಿಲ್ಲ.

ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ. ರಕ್ತ ತೆಳುವಾಗುವ ಔಷಧಿ ಶುರು ಮಾಡಿ ಅವಳನ್ನು ವಾರ್ಡಿಗೆ ಹಾಕಿದರು. ನಾನು ಟೀ ತಂದು ಪಕ್ಕದಲ್ಲಿ ಕುಳಿತೆ.

"ಕೆಮ್ಮಿದ್ಯಾಕೆ?"

"ಎಣ್ಣೆ ಘಾಟು. ಇನ್ನೇನು?" ಎಂದಳು. ನನ್ನ ಕಡೆ ತಿರುಗಿ, "ಕೆಮ್ಮದೆ ಇದ್ದಿದ್ರೆ ಹೇಳ್ತಿದ್ಯಾ?" ಎಂದು ಕೇಳಿದಳು.

"ಹೇಳ್ತಿದ್ದೆ" ಎಂದೆ.

"ನಿಂಗೂ ಸುಳ್ಳು ಹೇಳೋಕೆ ಬರಲ್ಲ ಬಿಡು" ಎಂದು ಬಲಗೈ ಚಾಚಿ ನನ್ನ ಟೀ ಎತ್ತಿಕೊಂಡು ಕುಡಿದಳು.