ಪೆಟ್ಟಿಗೆಯ ಮೇಲೆ ಬಾಳೆಹಣ್ಣು

ಅಂಜಮ್ಮನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ನ್ಯಾಮತಿಯ ಹೊರಗಿನ ಜೇನು ಸಂಶೋಧನಾ ಕೇಂದ್ರದಲ್ಲಿ ನಾನು ಟೈಪಿಸ್ಟ್, ಅವಳು ಪೆಟ್ಟಿಗೆ ನೋಡಿಕೊಳ್ಳುವವಳು. ಇಬ್ಬರೂ ದಿನಗೂಲಿ. ಸವಳಂಗದಿಂದ ಏಳೂವರೆ ಬಸ್ಸಿಗೆ ಬಂದು ಇಳಿದವಳೇ ಜಗಳ ಶುರು ಮಾಡುತ್ತಿದ್ದಳು. ಐಸ್ ಯಾಕೆ ಕರಗಿದೆ, ಸಕ್ಕರೆ ನೀರಿನ ಲೋಟ ಯಾರು ಮುಟ್ಟಿದರು, ಸೆಂಟ್ ಹಾಕಿಕೊಂಡು ಪೆಟ್ಟಿಗೆ ಹತ್ತಿರ ಯಾಕೆ ಬಂದಿರಿ. ಕೊನೆಯದು ನನಗೆ. ಓದಿದ್ದು ಏಳನೇ ಕ್ಲಾಸು, ಜೋರು ಮಾತ್ರ ಡಾಕ್ಟರೇಟ್ ಮಾಡಿದವರದು.

ಕೆಲಸದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಹಾಳಾದ್ದು, ಅದನ್ನೂ ಹೇಳಲೇಬೇಕು. ಪೆಟ್ಟಿಗೆಯ ಬಾಗಿಲಲ್ಲಿ ಜೇನುಹುಳ ಹಿಡಿದು, ಐಸಿನಲ್ಲಿಟ್ಟು ಮಂಪರು ಬರಿಸಿ, ತಲೆ ಮಾತ್ರ ಹೊರಗೆ ಕಾಣುವಂತೆ ತುಂಡು ಸ್ಟ್ರಾದಲ್ಲಿ ಕೂರಿಸುತ್ತಿದ್ದಳು. ಎಚ್ಚರವಾದ ಮೇಲೆ ಲವಂಗದ ವಾಸನೆ ತೋರಿಸಿ, ಹಿಂದೆಯೇ ಕಡ್ಡಿಯ ತುದಿಯಲ್ಲಿ ಸಕ್ಕರೆ ನೀರು ಕೊಡಬೇಕು. ಮೂರು ಸಲ ಹೀಗೆ ಮಾಡಿದರೆ ನಾಲ್ಕನೇ ಸಲ ಬರೀ ಲವಂಗಕ್ಕೇ ಹುಳ ನಾಲಿಗೆ ಚಾಚುತ್ತಿತ್ತು. ಸಿಹಿ ತಾಗಿದಾಗ ಅದರ ಮಿದುಳಿನಲ್ಲಿ ಒಂದು ರಸ ಒಸರುತ್ತದೆ. ಆ ರಸವೇ ವಾಸನೆಯನ್ನೂ ಸಿಹಿಯನ್ನೂ ಗಂಟು ಹಾಕುತ್ತದೆ. ಔಷಧಿ ಕೊಟ್ಟು ಅದನ್ನು ತಡೆದರೆ ಹುಳ ಸಕ್ಕರೆ ಕುಡಿಯುತ್ತದೆ, ಆದರೆ ಪಾಠ ಕಲಿಯುವುದಿಲ್ಲ. ಕೇಂದ್ರ ನಡೆಯುತ್ತಿದ್ದುದೇ ಈ ಸಂಶೋಧನೆಯ ಮೇಲೆ.

ಕಳೆದ ವರ್ಷ ಒಂದು ಖಾಯಂ ಹುದ್ದೆ ಬಂತು. ಒಂದೇ ಒಂದು. ಹನ್ನೊಂದು ವರ್ಷ ದುಡಿದ ಅಂಜಮ್ಮನಿಗೇ ಅದು ಎಂದು ಎಲ್ಲರೂ ಅಂದುಕೊಂಡರು. ಗಂಡ ಧರ್ಮಪ್ಪ ಗಾರೆ ಕೆಲಸಕ್ಕೆಂದು ಜಗಳೂರಿನ ಕಡೆಯೇ ಇರುತ್ತಿದ್ದ, ಮಗಳು ನರ್ಸಿಂಗ್ ಓದುತ್ತಿದ್ದಳು. ಅವಳಿಗೆ ಆ ಕೆಲಸ ಬೇಕೇ ಬೇಕಿತ್ತು. ನಾನು ಕೆಲಸಕ್ಕೆ ಸೇರಿ ಆರೇ ವರ್ಷ, ಹೊಟ್ಟೆ ಉರಿಸಿಕೊಂಡು ಸುಮ್ಮನಿದ್ದೆ. ಅನುದಾನ ಕೊಡುವವರು ನೋಡಲು ಬರುತ್ತಾರೆ, ಅವರೆದುರು ಪ್ರಯೋಗ ಸರಿಯಾಗಿ ಮಾಡಿ ತೋರಿಸಿದರೆ ಅವತ್ತೇ ಅಂಜಮ್ಮನ ಹೆಸರು ಕಳಿಸುತ್ತೇನೆ ಎಂದಿದ್ದರು ನಿರ್ದೇಶಕ ಕೊಟ್ರಬಸಪ್ಪನವರು.

ಆಯುಧ ಪೂಜೆಗೆ ರಜೆಯಾದ್ದರಿಂದ ಕಚೇರಿಯ ಪೂಜೆ ಹಿಂದಿನ ದಿನ. ಅತಿಥಿಗಳು ಬರುವುದೂ ಅವತ್ತೇ. ಕಂಪ್ಯೂಟರಿಗೆ, ಜೀಪಿಗೆ ಆದ ಮೇಲೆ ನಿರ್ದೇಶಕರು ಜೇನುಪೆಟ್ಟಿಗೆಗಳ ಹತ್ತಿರ ಬಂದರು. ಪ್ರತಿ ಪೆಟ್ಟಿಗೆಗೂ ಕುಂಕುಮ ಹಚ್ಚಿ, ಮೇಲೊಂದು ಕಳಿತ ಬಾಳೆಹಣ್ಣಿಟ್ಟು, ಅದಕ್ಕೆ ಊದುಬತ್ತಿ ಚುಚ್ಚಲು ಹೇಳಿದರು. ಅಂಜಮ್ಮ ಓಡಿಬಂದಳು.

“ಬಾಳೆಹಣ್ಣು ಬ್ಯಾಡ್ರಿ ಸಾಹೇಬ್ರೆ. ಹುಳ ಚುಚ್ಚಿದಾಗ ಬರೋ ವಾಸನೆ ಹಿಂಗೇ ಇರ್ತೈತೆ. ಯಾರೋ ಗೂಡಿಗೆ ಕೈ ಹಾಕಿದ್ರು ಅಂತ ಎಲ್ಲಾ ಸಿಟ್ಟಿಗೇಳ್ತಾವೆ. ಸಿಟ್ಟಾದ ಹುಳಕ್ಕೆ ಪಾಠ ತಲೆಗೆ ಹತ್ತಲ್ಲ.”

“ಪೂಜೆ ಬ್ಯಾಡ ಅಂತೀಯಾ?” ಎಂದರು ನಿರ್ದೇಶಕರು.

“ಪೂಜೆ ಮಾಡ್ರಿ, ಯಾರು ಬ್ಯಾಡ ಅಂದ್ರು? ಹೂವು ಇಡ್ರಿ, ಕಾಯಿ ಇಡ್ರಿ. ಹಣ್ಣು ಮಾತ್ರ ಬ್ಯಾಡ.”

“ನಿಮ್ಮನೇಲಿ ದೇವರ ಫೋಟೋ ತೆಗೆದು ಬುದ್ಧನ್ನ ಇಟ್ಟೀರಂತೆ. ಇಟ್ಕೊಳ್ರಿ. ನಮ್ಮ ಪೂಜೆಗೆ ಅಡ್ಡ ಬರಬ್ಯಾಡ ನೀನು.”

ಅವಳ ಮನೆಯವರು ನಾಲ್ಕು ವರ್ಷದ ಹಿಂದೆ ಬೌದ್ಧ ದೀಕ್ಷೆ ತೆಗೆದುಕೊಂಡದ್ದು ನಿಜ. ಆದರೆ ಅವಳು ಹೇಳಿದ್ದು ಹುಳದ ಮಾತು, ದೇವರ ಮಾತಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆ ವಾಸನೆ ಬಡಿದ ಹುಳ ಕಲಿಕೆಯಲ್ಲಿ ಹಿಂದೆ ಬೀಳುತ್ತದೆಂದು ಕೇಂದ್ರದ ವರದಿಯಲ್ಲೇ ಇತ್ತು. ಟೈಪ್ ಮಾಡಿದವಳು ನಾನು. ಓದದೆ ಸಹಿ ಹಾಕಿದವರು ಕೊಟ್ರಬಸಪ್ಪನವರು. ಅಂಜಮ್ಮ ನನ್ನ ಕಡೆ ನೋಡಿದಳು. ನಾನು ಹಿಡಿದು ನಿಂತಿದ್ದ ತಟ್ಟೆಯಿಂದ ಒಂದೊಂದೇ ಹಣ್ಣು ಪೆಟ್ಟಿಗೆಗಳ ಮೇಲೆ ಹೋಯಿತು.

ಬಂದ ಅತಿಥಿಗಳಲ್ಲಿ ಮೂವರಿಗೆ ಹುಳ ಚುಚ್ಚಿತು. ಒಬ್ಬರ ಕಣ್ಣು ಊದಿ ಮುಚ್ಚಿಹೋಯಿತು. ಸ್ಟ್ರಾದಲ್ಲಿ ಕೂರಿಸಿದ ಹುಳಗಳು ಲವಂಗಕ್ಕೆ ನಾಲಿಗೆ ಚಾಚಲೇ ಇಲ್ಲ. ಔಷಧಿ ಕುಡಿದವೂ ಕಲಿಯಲಿಲ್ಲ, ಕುಡಿಯದವೂ ಕಲಿಯಲಿಲ್ಲ. ಎರಡಕ್ಕೂ ವ್ಯತ್ಯಾಸವೇ ಇಲ್ಲವಲ್ಲ, ಇದೆಂಥ ಸಂಶೋಧನೆ ಎಂದು ಮುಖ ಸಿಂಡರಿಸಿ, ಅತಿಥಿಗಳು ಊಟವನ್ನೂ ಮಾಡದೆ ಹೊರಟುಹೋದರು.

ಹಬ್ಬ ಮುಗಿದ ಸೋಮವಾರ ವಿಚಾರಣೆ. ಪೂಜೆಯ ಮೇಲಿನ ದ್ವೇಷಕ್ಕೆ ಅಂಜಮ್ಮ ಬೇಕೆಂದೇ ಪ್ರಯೋಗ ಕೆಡಿಸಿದ್ದಾಳೆ ಎಂಬ ನೋಟಿಸನ್ನು ನಾನೇ ಟೈಪ್ ಮಾಡಿದ್ದೆ. ಅವಳು ನಿಂತುಕೊಂಡೇ ಅದನ್ನು ಎರಡು ಸಲ ಓದಿದಳು.

“ನಾನು ಹಣ್ಣು ಬ್ಯಾಡ ಅಂದಿದ್ದೆ. ವರದಿಯಾಗೂ ಐತೆ. ಟೈಪ್ ಮಾಡೋವಾಗ ಈ ಮೇಡಮ್ಮೇ ನನ್ನ ಕೇಳಿದ್ರು, ಹುಳದ ಮೈಯಿಂದ ಬಾಳೆಹಣ್ಣಿನ ವಾಸನೆ ಹೆಂಗೆ ಬರ್ತೈತೆ ಅಂತ. ಹೇಳ್ರಿ ಮೇಡಂ.”

ನಿರ್ದೇಶಕರು ನನ್ನತ್ತ ತಿರುಗಿದರು. “ಹೌದೇನಮ್ಮಾ ಉಷಾರಾಣಿ?”

ಆರು ವರ್ಷದಲ್ಲಿ ಅವಳು ನನ್ನನ್ನು ಏನಾದರೂ ಕೇಳಿಕೊಂಡದ್ದು ಅದೊಂದೇ ಸಲ. ವರದಿ ಇದ್ದ ಬೀರುವಿನ ಕೀ ನನ್ನ ಪರ್ಸಿನಲ್ಲಿತ್ತು. ಸೆಂಟಿನ ವಿಷಯಕ್ಕೆ ಎಲ್ಲರೆದುರು ಅವಳು ನನ್ನ ಮಾನ ತೆಗೆದಿದ್ದಳು. ಖಾಯಂ ಹುದ್ದೆ ಒಂದೇ ಇತ್ತು.

“ನೆನಪಿಲ್ಲ ಸರ್,” ಎಂದೆ.

ಅಂಜಮ್ಮ ಕೂಗಾಡುತ್ತಾಳೆಂದು ಕಾದೆ. ಕೂಗಾಡಲಿಲ್ಲ. ನೋಟಿಸನ್ನು ಮಡಚಿ ನನ್ನ ಕೀಬೋರ್ಡಿನ ಮೇಲಿಟ್ಟಳು.

“ನಾಚಿಕೆ ಆಗ್ಲಿ ಅಂತ ನಾನೇನು ಹೇಳಲ್ಲ ಮೇಡಂ. ಆಗೈತೆ. ಮುಖದಾಗೆ ಕಾಣ್ತೈತೆ.”

ಮಧ್ಯಾಹ್ನದ ಬಸ್ಸಿಗೆ ಹೋದವಳು ಮತ್ತೆ ಬರಲಿಲ್ಲ. ಮುಂದಿನ ತಿಂಗಳು ಖಾಯಂ ಆದೇಶ ಬಂತು, ನನ್ನ ಹೆಸರಿನದು. ಅದನ್ನೂ ನಾನೇ ಟೈಪ್ ಮಾಡಿದೆ. ಒಂದು ತಪ್ಪೂ ಆಗಲಿಲ್ಲ.