ಹನ್ನೆರಡು ಬಗೆಯ ಗಿಡ

ನನ್ನ ಗಂಡ ಕತಾರಿನ ರಾಸ್ ಲಫಾನ್ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದರು. ಒಂದು ದಿನ ಶಿಫ್ಟ್ ಮುಗಿಸಿ ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದವರು ಮತ್ತೆ ಏಳಲಿಲ್ಲ. ಗಂಡ ಸತ್ತವಳು ಮನೆಯೊಳಗಿರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ನಾನು ಐನ್ ಖಾಲಿದ್‌ನ ನಮ್ಮ ಫ್ಲಾಟಿನೊಳಗೇ ಇದ್ದೆ. ಅಳು ಬರುತ್ತಿರಲಿಲ್ಲ. ನೋಡಲು ಬಂದ ಹೆಂಗಸರೇ ಅತ್ತು ಹೋಗುತ್ತಿದ್ದರು. ಮಗಳ ಶಾಲೆ ಅರ್ಧಕ್ಕೆ ನಿಲ್ಲಬಾರದೆಂದರೆ ನನಗೊಂದು ಕೆಲಸ, ನನ್ನದೇ ವೀಸಾ ಬೇಕಿತ್ತು.

ಮೇಲಿನ ಮನೆಯವರು ಉಡುಪಿ ಕಡೆಯವರು, ಒಬ್ಬ ಕತಾರಿಯ ಆಫೀಸಿನಲ್ಲಿ ಅಕೌಂಟೆಂಟ್.

"ನೀವು ಬಾಟನಿ ಎಂಎಸ್ಸಿ ಅಲ್ವಾ ಅಕ್ಕ? ಅಲ್ ಶಮಾಲ್‌ನಲ್ಲಿ ನಮ್ಮ ಅರಬಾಬರ ತೋಟ ಉಂಟು. ಗಿಡ ಗೊತ್ತಿರುವವರು ಬೇಕಂತೆ," ಎಂದರು. ಅರಬಾಬ್ ಎಂದರೆ ಆ ಕತಾರಿ ಧಣಿ.

ಆ ತೋಟದಲ್ಲಿ ವರ್ಷಾನುಗಟ್ಟಲೆ ಒಂದೇ ಜಾತಿಯ ಮೇವಿಗೆ ನೀರೆಳೆದು ಬಾವಿಯ ನೀರು ಉಪ್ಪಾಗಿತ್ತು. ಅದನ್ನು ನಿಲ್ಲಿಸಿ, ನೆಲದಲ್ಲಿ ತಾನಾಗಿ ಬರುವ ಹಲವು ಬಗೆಯ ಹುಲ್ಲು, ಸೊಪ್ಪನ್ನು ಬೆಳೆಯಲು ಬಿಟ್ಟರೆ ಸರ್ಕಾರ ಮಾಲೀಕರಿಗೆ ಹಣ ಕೊಡುತ್ತಿತ್ತು. ಹನ್ನೆರಡು ಬಗೆಯಾದರೂ ಇರಬೇಕು, ತಂದು ನೆಟ್ಟದ್ದಾಗಿರಬಾರದು. ಎಣಿಸಿ ಪಟ್ಟಿ ಮಾಡುವುದು ನನ್ನ ಕೆಲಸ.

ತೋಟ ಕಾಯುತ್ತಿದ್ದವರು ಸುಡಾನಿನ ಒಬ್ಬ ವಯಸ್ಸಾದ ಮನುಷ್ಯ. ಮೊದಲು ಒಂಟೆ ಮೇಯಿಸಿದವರು. ಅವರು ಅರಬಿಯಲ್ಲಿ ಗಿಡದ ಹೆಸರು ಹೇಳುವರು, ನಾನು ಪುಸ್ತಕದ ಹೆಸರು ಬರೆಯುವೆ. ಗರಿಕೆ, ನೆಗ್ಗಿಲು ಕಂಡಾಗ ಊರಿನದೆಂದು ಖುಷಿಯಾಗಬೇಕಿತ್ತು. ಬರೆದುಕೊಂಡು ಮುಂದೆ ಹೋದೆ. ಒಟ್ಟು ಹನ್ನೆರಡಾಯಿತು.

ಸರ್ಕಾರದ ತಪಾಸಣೆಗೆ ಮೂರು ದಿನ ಇದ್ದಾಗ ಪಕ್ಕದ ತೋಟದ ಆಡುಗಳು ಬೇಲಿ ನುಗ್ಗಿ ಮೇಯ್ದುಬಿಟ್ಟವು. ಹತ್ತು ಬಗೆ ಮಾತ್ರ ಕಣ್ಣಿಗೆ ಬೀಳುತ್ತಿದ್ದವು.

"ಎಂತ ಮಾಡುವುದು ಮಾರಾಯ್ರೆ," ಎಂದರು ಅಕೌಂಟೆಂಟ್. "ನರ್ಸರಿಯಿಂದ ಎರಡು ಕುಂಡ ತಂದು ನೆಟ್ಟುಬಿಡುವನಾ?"

"ಆಗಲಿ," ಎಂದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಹಾಗೆಯೇ ಹೇಳುತ್ತಿದ್ದೆ. ನೆಡುವಾಗ ಸುಡಾನಿನವರು ದೂರ ನಿಂತು ನೋಡಿದರು.

ತಪಾಸಣೆಯ ಅಧಿಕಾರಿ ಚಿಕ್ಕ ವಯಸ್ಸಿನವರು. ಮೊಣಕಾಲೂರಿ ಕೂತು ಒಂದು ಗಿಡದ ಬುಡ ಮುಟ್ಟಿದರು. ಬೆರಳಿಗೆ ನರ್ಸರಿಯ ಕಪ್ಪು ಮಣ್ಣು ಅಂಟಿತು. ನನ್ನತ್ತ ನೋಡಿದರು.

"ನಿನ್ನೆ ನೆಟ್ಟದ್ದು. ನಾನೇ ನೆಟ್ಟೆ," ಎಂದೆ. ಧೈರ್ಯದಿಂದ ಹೇಳಿದ್ದಲ್ಲ, ಸುಳ್ಳು ಹೇಳಲು ಬೇಕಾದ ಭಯವೂ ನನ್ನಲ್ಲಿರಲಿಲ್ಲ.

ಆಗ ಸುಡಾನಿನವರು ಮುಂದೆ ಬಂದು ಕೈಯಿಂದ ಮರಳು ಸರಿಸಿದರು. ಆಡು ಕಚ್ಚಿ ಬಿಟ್ಟ ಮೋಟು ಬುಡಗಳು ಕಂಡವು. ಎರಡಕ್ಕೂ ಹೆಸರು ಹೇಳಿದರು. ಅಧಿಕಾರಿ ಬೇರು ನೋಡಿ ತಲೆಯಾಡಿಸಿದರು.

"ಇವು ಲೆಕ್ಕಕ್ಕೆ ಬರುತ್ತವೆ. ಇಷ್ಟೇ ಇದ್ದಿದ್ದರೆ ಸಹಿ ಹಾಕುತ್ತಿದ್ದೆ. ನೆಟ್ಟ ಗಿಡ ಸಿಕ್ಕ ಮೇಲೆ ಈ ವರ್ಷ ಆಗುವುದಿಲ್ಲ."

ಅಧಿಕಾರಿಯ ಕಾರು ಹೋದ ಮೇಲೆ ಸುಡಾನಿನವರನ್ನು ಕೇಳಿದೆ, "ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ, ಉಖ್ತಿ," ಎಂದರು. ತಂಗಿ ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ.

ಕೆಲಸ ಹೋಯಿತೆಂದುಕೊಂಡೆ. ಅರಬಾಬ್ ಫೋನಿನಲ್ಲಿ ಅಕೌಂಟೆಂಟರಿಗೆ ಚೆನ್ನಾಗಿ ಬೈದು, ಕೊನೆಗೆ "ಖಲಾಸ್, ಹೋಗಲಿ ಬಿಡು, ಮುಂದಿನ ವರ್ಷ ನೋಡೋಣ" ಎಂದರಂತೆ. ನಾಚಿಕೆಯಾಗುತ್ತದೆಂದು ದಾರಿಯುದ್ದಕ್ಕೂ ಕಾದೆ. ಮನೆ ಬಂತು. ಅನ್ನಕ್ಕಿಟ್ಟು ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡಿದೆ.

ಬೇಲಿ ಗಟ್ಟಿಯಾಯಿತು. ಮರುವರ್ಷ ಚಳಿಗಾಲದಲ್ಲಿ ಎರಡು ಮಳೆ ಬಿದ್ದು ಹದಿನಾಲ್ಕು ಬಗೆ ಬಂದವು. ಈ ಸಲ ಪ್ರತಿ ಗಿಡವನ್ನೂ ಮೊದಲು ಸುಡಾನಿನವರ ಹತ್ತಿರ ಕೇಳಿಯೇ ಬರೆದೆ. ಹಣ ಮಂಜೂರಾಯಿತು. ಅರಬಾಬ್ ಕಳಿಸಿದ ಖರ್ಜೂರದ ಡಬ್ಬಿಯನ್ನು ಮಗಳಿಗೆ ಕೊಟ್ಟೆ.

"ಹ್ಯಾಪಿ ಇದ್ದೀಯಾ ಉಮ್ಮ?" ಎಂದು ಕೇಳಿದಳು.

ಯೋಚಿಸಿದೆ. "ಇನ್ನೂ ಗೊತ್ತಿಲ್ಲ," ಎಂದೆ. ಅವಳು ಒಂದು ಖರ್ಜೂರದ ಬೀಜ ತೆಗೆದು ಹಣ್ಣನ್ನು ನನ್ನ ಬಾಯಿಗಿಟ್ಟಳು. ತಿಂದೆ.